ಹಳೇ ಮನೆಗೆ ಪೇಂಟ್ ಕೆಲಸ, ಒಳಗೆ ವರ್ಷದ ಮಗು: ಸೀಸದ ಭಯ ನಿಜಾನಾ?

ಬಾಡಿಗೆಮನೆ_ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ನಾವಿರುವುದು ಬಸವನಗುಡಿಯ ಹಳೇ ಮನೆ, ಓನರ್ ತಾತನ ಕಾಲದ್ದು. ಹಬ್ಬ ಹತ್ತಿರ ಬಂತು ಅಂತ ಪೇಂಟ್ ಕೆಲಸ ಶುರು ಮಾಡಿಸಿದ್ದಾರೆ. ನಿನ್ನೆಯಿಂದ ಕಿಟಕಿ ಗ್ರಿಲ್, ಬಾಗಿಲು, ದಾರಂದ ಎಲ್ಲವನ್ನೂ ಒಣ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜುತ್ತಿದ್ದಾರೆ. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು, ಹೀಗೆ ಪದರ ಪದರವಾಗಿ ಎದ್ದು ಬರುತ್ತಿದೆ. ಮನೆ ತುಂಬಾ ಹುಡಿ. ಮಗಳಿಗೆ ಈಗಷ್ಟೇ ವರ್ಷ ತುಂಬಿದೆ. ಅಂಬೆಗಾಲು, ಸಿಕ್ಕಿದ್ದೆಲ್ಲ ಬಾಯಿಗೆ.

ಆಫೀಸಿನಲ್ಲಿ ಒಬ್ಬರು "ಹಳೇ ಪೇಂಟಲ್ಲಿ ಲೆಡ್ ಇರುತ್ತೆ, ಹುಷಾರು" ಅಂದರು. ಓನರ್ ಹತ್ತಿರ ಹೇಳಿದರೆ ನಗುತ್ತಾರೆ. ಇದು ನಿಜವಾಗಲೂ ಭಯಪಡುವ ವಿಷಯವಾ, ಇಲ್ಲ ಅಮೆರಿಕದವರ ಗಲಾಟೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮಂಡ್ಯದ_ಮಾತುಗಾರ

ಸುಮ್ನೆ ತಲೆ ಕೆಡಿಸ್ಕೋಬೇಡಿ. ನಾವೆಲ್ಲ ಗೋಡೆ ಸುಣ್ಣ ಕೆರೆದು ತಿಂದು ಬೆಳೆದವರು. ಏನಾಯ್ತು? ಇವತ್ತು ಎಲ್ಲಾ ಚೆನ್ನಾಗೇ ಇದ್ದೀವಿ.

ಮಕ್ಕಳಡಾಕ್ಟರ್_ಹಾಸನ

ಸುಣ್ಣ ಬೇರೆ, ಆಯಿಲ್ ಪೇಂಟ್ ಬೇರೆ ಸ್ವಾಮಿ.

ಬಸವನಗುಡಿಯವರೇ, ಮೊದಲು ಇವತ್ತೇ ಮಾಡಬೇಕಾದ್ದು ಹೇಳುತ್ತೇನೆ. ಮಗುವನ್ನು ಕರೆದುಕೊಂಡು ಅಜ್ಜಿ ಮನೆಗೋ ನೆಂಟರ ಮನೆಗೋ ಹೋಗಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಅವರೂ ಹೋಗಬೇಕು. ಒಣ ಉಜ್ಜುವುದನ್ನು ನಿಲ್ಲಿಸಲು ಹೇಳಿ. ಪೊರಕೆಯಲ್ಲಿ ಗುಡಿಸಬೇಡಿ, ಗುಡಿಸಿದರೆ ಕೆಳಗೆ ಕೂತಿದ್ದ ಹುಡಿ ಮತ್ತೆ ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರನ್ನು ಆಗಾಗ ಬದಲಾಯಿಸಿ. ಕಿಟಕಿ ಚೌಕಟ್ಟಿನ ಮೂಲೆ ಮರೆಯಬೇಡಿ, ಹುಡಿ ಜಾಸ್ತಿ ಸೇರುವ ಜಾಗ ಅದು. ಆಟದ ಸಾಮಾನು ಸೋಪು ನೀರಿನಲ್ಲಿ ತೊಳೆಯಿರಿ.

ಈಗ ಯಾಕೆ ಅಂತ. ಎನಾಮಲ್ ಬಣ್ಣಕ್ಕೆ ಗಾಢ ಹಳದಿ, ಕೆಂಪು, ಹಸಿರು ಬರಲಿ, ಬೇಗ ಒಣಗಲಿ, ತುಕ್ಕು ಹಿಡಿಯದಿರಲಿ ಅಂತ ಸೀಸದ ಸಂಯುಕ್ತಗಳನ್ನು ಸೇರಿಸುತ್ತಿದ್ದರು. ಗೋಡೆಯ ಮೇಲೆ ಗಟ್ಟಿಯಾಗಿ ಕೂತಿರುವ ತನಕ ದೊಡ್ಡ ತೊಂದರೆ ಇಲ್ಲ. ಉಜ್ಜಿದಾಗ, ಸಿಪ್ಪೆ ಎದ್ದಾಗ, ಬಾಗಿಲು ದಾರಂದಕ್ಕೆ ಉಜ್ಜಿಕೊಂಡಾಗ ಹುಡಿಯಾಗುತ್ತದೆ. ಆ ಹುಡಿ ನೆಲಕ್ಕೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ನೀವೂ ನಾನೂ ನುಂಗಿದ ಸೀಸಕ್ಕೆ ಹೋಲಿಸಿದರೆ ಪುಟ್ಟ ಮಗುವಿನ ಕರುಳು ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಅಂತಲೇ ತಿಳಿದು ಮೂಳೆಯಲ್ಲಿ ಇಟ್ಟುಕೊಳ್ಳುತ್ತದೆ. ಮಿದುಳು ಬೆಳೆಯುತ್ತಿರುವ ವಯಸ್ಸು ಬೇರೆ. ಸೀಸಕ್ಕೆ ಇಂತಿಷ್ಟು ಇದ್ದರೆ ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ತಕ್ಷಣ ಏನೂ ಕಾಣಿಸುವುದಿಲ್ಲ, ಅದೇ ಇದರ ತೊಂದರೆ. ಹೊಟ್ಟೆ ನೋವು, ಮಲಬದ್ಧತೆ, ಕಿರಿಕಿರಿ, ಇವೆಲ್ಲ ಯಾವ ಮಗುವಿಗೆ ಇರುವುದಿಲ್ಲ ಹೇಳಿ. ಹಾಗಾಗಿ ನೋಡಿ ಹೇಳಲು ಆಗುವುದಿಲ್ಲ. ರಕ್ತ ಪರೀಕ್ಷೆ ಒಂದೇ ದಾರಿ.

ಮಂಡ್ಯದ_ಮಾತುಗಾರ

ಸರ್, ಗೌರವದಿಂದಲೇ ಕೇಳ್ತೀನಿ. ಬೆಂಗಳೂರಲ್ಲಿ ಲೆಡ್ ಪೆಟ್ರೋಲ್ ಹೊಗೆ ಕುಡಿದ ಮಕ್ಕಳೇ ತಾನೇ ಇವತ್ತು ಸಾಫ್ಟ್‌ವೇರ್‌ನಲ್ಲಿ ಇರೋದು? ಹಾಗಾದ್ರೆ ಅವರ ಮಿದುಳಿಗೆ ಏನಾಯ್ತು?

ಮಕ್ಕಳಡಾಕ್ಟರ್_ಹಾಸನ

ಒಳ್ಳೇ ಪ್ರಶ್ನೆ, ತಮಾಷೆಗೆ ಹೇಳುತ್ತಿಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿತು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಆ ಕೆಲಸದಲ್ಲಿದ್ದರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ 10 ಮೈಕ್ರೋಗ್ರಾಂ ದಾಟಿತ್ತು. ಇವತ್ತಿನ ಲೆಕ್ಕದಲ್ಲಿ ಅದು ತುಂಬಾ ಜಾಸ್ತಿ. 2000ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲ್ ನಿಂತಿತು.

ಆ ಮಕ್ಕಳು ದಡ್ಡರಾದರು ಅಂತ ಯಾರೂ ಹೇಳುತ್ತಿಲ್ಲ. ಆದರೆ ಅವರಲ್ಲಿ ಒಬ್ಬೊಬ್ಬರೂ ಇನ್ನೂ ಸ್ವಲ್ಪ ಚೆನ್ನಾಗಿ ಗಮನ ಕೊಡಬಹುದಿತ್ತೇನೋ, ಇನ್ನೂ ಸ್ವಲ್ಪ ತಾಳ್ಮೆ ಇರುತ್ತಿತ್ತೇನೋ. ಅದನ್ನು ಒಂದು ಮಗುವಿನಲ್ಲಿ ನೋಡಿ ಹೇಳಲಾಗದು, ಸಾವಿರಾರು ಮಕ್ಕಳನ್ನು ಅಳೆದಾಗ ಮಾತ್ರ ಗೊತ್ತಾಗುತ್ತದೆ. ಹರ್ಬರ್ಟ್ ನೀಡಲ್‌ಮನ್ ಅಂತ ಅಮೆರಿಕದ ಮಕ್ಕಳ ವೈದ್ಯರು ಬಾಸ್ಟನ್ ಪಕ್ಕದ ಊರುಗಳ ಶಾಲಾ ಮಕ್ಕಳಿಂದ ಬಿದ್ದ ಹಾಲುಹಲ್ಲು ಸಂಗ್ರಹಿಸಿ, ಅದರಲ್ಲಿನ ಸೀಸ ಅಳೆದು, 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲ್ಲಿನಲ್ಲಿ ಸೀಸ ಜಾಸ್ತಿ ಇದ್ದ ಮಕ್ಕಳ ಐಕ್ಯೂ ಕಡಿಮೆ ಇತ್ತು, ತರಗತಿಯಲ್ಲಿ ಗಮನವೂ ಕಡಿಮೆ ಅಂತ ಟೀಚರ್‌ಗಳು ಬರೆದಿದ್ದರು. ಆ ಮಕ್ಕಳು ಯಾರೂ ಆಸ್ಪತ್ರೆಗೆ ಬಂದವರಲ್ಲ. "ಚೆನ್ನಾಗೇ ಇದ್ದ" ಮಕ್ಕಳೇ.

ಪೇಂಟ್‌ಕಾಂಟ್ರಾಕ್ಟರ್_ದಾವಣಗೆರೆ

ನಾನು ಪೇಂಟಿಂಗ್ ಕಾಂಟ್ರಾಕ್ಟ್ ಮಾಡುವವನು, ನಮ್ಮ ಕಡೆಯಿಂದಲೂ ಒಂದು ಮಾತು. ಹುಡುಗರು ಒಣದಾಗಿ ಯಾಕೆ ಉಜ್ಜುತ್ತಾರೆ? ಬೇಗ ಮುಗಿಯುತ್ತೆ. ನೀರು ಹಾಕಿ ವಾಟರ್ ಪೇಪರ್‌ನಲ್ಲಿ ಉಜ್ಜಿದರೆ ನಿಧಾನ, ಮತ್ತೆ ಒಣಗುವ ತನಕ ಕಾಯಬೇಕು, ಕಬ್ಬಿಣ ಆದರೆ ತುಕ್ಕು ಬರದ ಹಾಗೆ ಬೇಗ ಪ್ರೈಮರ್ ಹೊಡೆಯಬೇಕು. ಇದಕ್ಕೆಲ್ಲ ಕೂಲಿ ಜಾಸ್ತಿ. ಓನರ್ ಕೊಡುವುದಿಲ್ಲ. ಹೀಗಾಗಿ ಬೈಗುಳ ಪೇಂಟರ್‌ಗೆ.

ಬಸವನಗುಡಿ ಮನೆಗೆ ನನ್ನ ಸಲಹೆ: ಗಟ್ಟಿಯಾಗಿ ಕೂತಿರೋ ಪದರವನ್ನು ಪೂರ್ತಿ ಕೀಳಬೇಡಿ. ಸಿಪ್ಪೆ ಎದ್ದ ಜಾಗದಲ್ಲಿ ಮಾತ್ರ ನೀರು ಸಿಂಪಡಿಸಿ ಕೆರೆದು, ಮೇಲೆ ಪ್ರೈಮರ್, ಆಮೇಲೆ ಹೊಸ ಬಣ್ಣ. ಒಳಗೆ ಮುಚ್ಚಿಹೋಗುತ್ತೆ. ಬ್ಲೋ ಲ್ಯಾಂಪ್ ಹಚ್ಚಿ ಬಣ್ಣ ಸುಟ್ಟು ಕೀಳುವವರಿದ್ದಾರೆ, ಅದನ್ನಂತೂ ಬಿಡಲೇಬೇಡಿ, ಹೊಗೆಯಲ್ಲೇ ಹೋಗುತ್ತೆ ಸೀಸ. ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿ, ಕೆಲಸ ಮುಗಿದ ಮೇಲೆ ಹುಡಿ ಒಳಗೇ ಇರುವ ಹಾಗೆ ಮಡಚಿ ಕಟ್ಟಿ. ಅಂಗಳಕ್ಕೆ ಕೊಡವಬೇಡಿ, ನಾಳೆ ಮಗು ಆಡುವುದು ಅಲ್ಲೇ.

ಮಕ್ಕಳಡಾಕ್ಟರ್_ಹಾಸನ

ಕಾಂಟ್ರಾಕ್ಟರ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಸೇರಿಸುತ್ತೇನೆ. ಉಜ್ಜುವ ಹುಡುಗರಿಗೂ ಮನೆಯಲ್ಲಿ ಮಕ್ಕಳಿರುತ್ತಾರೆ. ಅದೇ ಬಟ್ಟೆಯಲ್ಲಿ ಹೋಗಿ ಮಗು ಎತ್ತಿಕೊಂಡರೆ ಮುಗೀತು.

ಅವಳಿಮಕ್ಕಳಮ್ಮ

ಹೊಸ ಪೇಂಟ್‌ನಲ್ಲಿ ಈಗ ಲೆಡ್ ಇರಲ್ಲ ಅಲ್ವಾ? ಡಬ್ಬದ ಮೇಲೆ ಹಾಗಂತ ಬರೆದಿರುತ್ತಲ್ಲ.

ಪೇಂಟ್‌ಕಾಂಟ್ರಾಕ್ಟರ್_ದಾವಣಗೆರೆ

2017ರ ನವೆಂಬರ್ 1ರಿಂದ ಕಾನೂನು ಇದೆ ಮೇಡಂ. ಮನೆಗೆ ಹೊಡೆಯುವ ಬಣ್ಣದಲ್ಲಿ 90 ಪಿಪಿಎಂಗಿಂತ ಜಾಸ್ತಿ ಸೀಸ ಇರಬಾರದು, ಅಂದರೆ ಕೆಜಿಗೆ 90 ಮಿಲಿಗ್ರಾಂ. ಡಬ್ಬದ ಮೇಲೆ ಅದನ್ನು ಮುದ್ರಿಸಲೇಬೇಕು. ಮುದ್ರಿಸದ ಡಬ್ಬ ಅಗ್ಗಕ್ಕೆ ಸಿಕ್ಕಿದರೂ ಮುಟ್ಟಬೇಡಿ. ಆದರೆ ಒಂದು ಕಿಂಡಿ ಇದೆ. ಆ ನಿಯಮ ಮನೆ ಮತ್ತು ಅಲಂಕಾರದ ಬಣ್ಣಕ್ಕೆ ಮಾತ್ರ. ಕಾರ್ಖಾನೆ ಬಳಕೆಯ ಇಂಡಸ್ಟ್ರಿಯಲ್ ಪೇಂಟ್ ಅದರಡಿ ಬರುವುದಿಲ್ಲ. ಗೇಟ್, ಗ್ರಿಲ್ ಮಾಡಿಕೊಡುವ ವೆಲ್ಡಿಂಗ್ ಶಾಪ್‌ನವನು ಯಾವ ಡಬ್ಬದಿಂದ ಹೊಡೆದ ಅಂತ ಯಾರು ನೋಡ್ತಾರೆ?

ಪ್ರಶ್ನೆಪೆಟ್ಟಿಗೆ

ಪೆನ್ಸಿಲ್‌ನಲ್ಲೂ ಲೆಡ್ ಇರುತ್ತಲ್ಲ, ನನ್ನ ಮಗ ಕಚ್ಚುತ್ತಾನೆ. 😬

ಲ್ಯಾಬ್‌ಕೆಲಸ_ಮೈಸೂರು

ಪೆನ್ಸಿಲ್ ಕಡ್ಡಿ ಗ್ರಾಫೈಟ್, ಸೀಸ ಅಲ್ಲ. ಹೊರಗಿನ ಬಣ್ಣ ಕಚ್ಚಿ ತಿನ್ನುವ ಅಭ್ಯಾಸ ಬಿಡಿಸಿ, ಅಷ್ಟು ಸಾಕು.

ಬಸವನಗುಡಿಯವರಿಗೆ: ಪರೀಕ್ಷೆಗೆ "ಬ್ಲಡ್ ಲೆಡ್" ಅಂತ ಕೇಳಿ. ಎಲ್ಲ ಲ್ಯಾಬ್‌ನಲ್ಲೂ ಮಾಡುವುದಿಲ್ಲ, ದೊಡ್ಡ ಲ್ಯಾಬ್‌ಗಳು ಸ್ಯಾಂಪಲ್ ತಗೊಂಡು ತಮ್ಮ ಮುಖ್ಯ ಕೇಂದ್ರಕ್ಕೆ ಕಳಿಸುತ್ತವೆ. ಬೆರಳಿಗೆ ಚುಚ್ಚಿ ತೆಗೆದ ರಕ್ತದಲ್ಲಿ ಜಾಸ್ತಿ ಬಂದರೆ ಗಾಬರಿ ಬೀಳಬೇಡಿ. ಚರ್ಮದ ಮೇಲಿನ ಹುಡಿಯೇ ಸೇರಿ ಸುಳ್ಳು ಸಂಖ್ಯೆ ಬರಬಹುದು. ನರದಿಂದ ತೆಗೆದ ರಕ್ತದಲ್ಲಿ ಖಚಿತ ಮಾಡಿಕೊಳ್ಳಬೇಕು. ನಮ್ಮಲ್ಲಿ ವರದಿ ಪಕ್ಕ "ನಾರ್ಮಲ್ 10ರ ತನಕ" ಅಂತ ಹಳೇ ಸಾಲು ಇನ್ನೂ ಅಚ್ಚಾಗಿ ಬರುವುದನ್ನು ನೋಡಿದ್ದೇನೆ. ಅದನ್ನು ನಂಬಿ ಸುಮ್ಮನಾಗಬೇಡಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಆ ಗೆರೆಯನ್ನು 2012ರಲ್ಲಿ 10ರಿಂದ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 5 ಮುಟ್ಟಿದರೆ ಮೂಲ ಹುಡುಕಿ ಅನ್ನುತ್ತದೆ.

ನ್ಯೂಜೆರ್ಸಿ_ಕನ್ನಡಿಗ

ಇದು ನಮ್ಮ ಮನೆಯಲ್ಲೇ ಆದದ್ದು, ಹಾಗಾಗಿ ಉದ್ದ ಬರೆಯುತ್ತೇನೆ, ಬೇಸರ ಮಾಡ್ಕೋಬೇಡಿ. ನ್ಯೂಜೆರ್ಸಿಯಲ್ಲಿ ಎಲ್ಲ ಮಕ್ಕಳಿಗೂ ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಲೆಡ್ ಟೆಸ್ಟ್ ಕಡ್ಡಾಯ. ಮಗನದು ಜಾಸ್ತಿ ಬಂತು. ನಮ್ಮದು ಹೊಸ ಅಪಾರ್ಟ್‌ಮೆಂಟ್. ಇಲ್ಲಿ ಮನೆ ಬಣ್ಣದಲ್ಲಿ ಸೀಸವನ್ನು 1978ರಲ್ಲೇ ನಿಷೇಧ ಮಾಡಿದ್ದಾರೆ, ಹಾಗಾಗಿ ಪೇಂಟ್ ಅಂತೂ ಅಲ್ಲ. ಹೆಲ್ತ್ ಡಿಪಾರ್ಟ್‌ಮೆಂಟಿನಿಂದ ಒಬ್ಬ ಹೆಂಗಸು ಬಂದರು. ಗೋಡೆ ನೋಡಿದ್ದು ಐದು ನಿಮಿಷ. ಆಮೇಲೆ ನೇರ ಅಡುಗೆಮನೆಗೆ ಹೋಗಿ ಮಸಾಲೆ ಡಬ್ಬ ತೆಗೆಯಿರಿ ಅಂದರು, ದೇವರ ಮನೆಯ ಕುಂಕುಮ ತೋರಿಸಿ ಅಂದರು, ಮಗುವಿಗೆ ಕಾಡಿಗೆ ಹಚ್ಚುತ್ತೀರಾ ಕೇಳಿದರು. ನನಗೆ ಸಿಟ್ಟೇ ಬಂದಿತ್ತು, ಇವರಿಗೇನು ನಮ್ಮ ಅರಿಶಿನ ಕುಂಕುಮದ ಮೇಲೆ ಕಣ್ಣು ಅಂತ.

ಊರಿಂದ ಸೂಟ್‌ಕೇಸಿನಲ್ಲಿ ತಂದಿದ್ದ ಬಿಡಿ ಅರಿಶಿನ ಪುಡಿಯಲ್ಲಿ ಸೀಸ ಸಿಕ್ಕಿತು. ಮನೆಯಲ್ಲಿ ಅರೆದದ್ದಲ್ಲ, ಅಂಗಡಿಯಲ್ಲಿ ತೂಗಿ ಕೊಟ್ಟದ್ದು. ಅನ್ನ ಬೇಳೆ ಶುರು ಮಾಡಿದಾಗಿನಿಂದ ದಿನಾ ಒಂದು ಚಿಟಿಕೆ ಹಾಕುತ್ತಿದ್ದೆವು. ಅದನ್ನು ನಿಲ್ಲಿಸಿದ ಮೇಲೆ ಸಂಖ್ಯೆ ನಿಧಾನಕ್ಕೆ ಇಳಿಯಿತು.

ಇನ್ನೊಂದು ಉಪಯೋಗದ ವಿಷಯ. ಇಲ್ಲಿ ಪೆಹ್ಸು ಅಂತ ಒಂದು ಜಾಲ ಇದೆ, 1998ರಿಂದ. ಮಕ್ಕಳ ವೈದ್ಯರು, ವಿಷವಿಜ್ಞಾನದವರು, ನರ್ಸ್‌ಗಳು ಸೇರಿ ನಡೆಸುವುದು. ಸರ್ಕಾರದ ದುಡ್ಡು, ನಮಗೆ ಖರ್ಚಿಲ್ಲ. ಸೀಸ, ಬೂಷ್ಟು, ಕೀಟನಾಶಕ, ಕಾಡ್ಗಿಚ್ಚಿನ ಹೊಗೆ, ಹೀಗೆ ಮಗುವಿನ ಸುತ್ತಲಿನ ಯಾವುದರ ಬಗ್ಗೆಯೂ ತಂದೆತಾಯಿಯೇ ಫೋನ್ ಮಾಡಿ ಕೇಳಬಹುದು, ಡಾಕ್ಟರ್‌ಗಳೂ ಕೇಳುತ್ತಾರೆ. ನಮ್ಮ ಭಾಗದ್ದು ನ್ಯೂಯಾರ್ಕಿನ ಮೌಂಟ್ ಸೈನಾಯ್‌ನಲ್ಲಿದೆ. ನಮ್ಮ ಡಾಕ್ಟರ್‌ಗೆ ಅರಿಶಿನದ ವಿಷಯ ಹೊಸದು, ಅವರೇ ಅಲ್ಲಿಗೆ ಕೇಳಿ ನಮಗೆ ಹೇಳಿದರು. ಅಮೆರಿಕದಲ್ಲಿರುವ ಕನ್ನಡದವರಿಗೆ ಇದು ಗೊತ್ತಿರಲಿ.

ಅರಿಶಿನತೋಟ_ಗುಂಡ್ಲುಪೇಟೆ

ಅಣ್ಣ, ಓದಿ ಹೊಟ್ಟೆ ಉರೀತು. ನಮ್ಮ ಚಾಮರಾಜನಗರ ಜಿಲ್ಲೆ ಅಂದ್ರೆ ಅರಿಶಿನ. ನಾವು ಕೊಂಬು ಕಿತ್ತು, ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಿ ಮಾರುಕಟ್ಟೆಗೆ ಹಾಕ್ತೀವಿ. ನಮ್ಮ ಕೈಯಲ್ಲಿ ಇರೋ ತನಕ ಅದು ಬರೀ ಅರಿಶಿನ. ಹೊಳೆಯೋ ಕೊಂಬಿಗೆ ಬೆಲೆ ಜಾಸ್ತಿ ಅಂತ ಮಾಡಿದ್ದು ಯಾರು? ಮಳೆಗೆ ಸಿಕ್ಕಿ ಮಂಕಾದ ಮಾಲಿಗೆ ಮಧ್ಯದಲ್ಲಿ ಯಾರೋ ಬಣ್ಣ ಬಳಿದರೆ ಹೆಸರು ರೈತನಿಗೆ.

ಆಹಾರರಸಾಯನ

ಗುಂಡ್ಲುಪೇಟೆಯವರ ಮಾತು ಸರಿ. ಬಳಿಯುವುದು ಲೆಡ್ ಕ್ರೋಮೇಟ್, ಅದೇ ಹಳದಿ ಪೇಂಟ್‌ಗೆ ಹಾಕುತ್ತಿದ್ದ ಬಣ್ಣ. ಪಾಲಿಶ್ ಮಾಡುವ ಹಂತದಲ್ಲೇ ಜಾಸ್ತಿ ಸೇರುವುದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಅರಿಶಿನಕ್ಕೆ ಇದನ್ನು ಸೇರಿಸುವಂತೆಯೇ ಇಲ್ಲ, ಸೀಸದ ಮಿತಿ 10 ಪಿಪಿಎಂ.

ಮನೆಯಲ್ಲಿ ಒಂದು ಒರಟು ಪರೀಕ್ಷೆ: ಇಡೀ ಕೊಂಬನ್ನು ಒಂದು ಲೋಟ ನೀರಿಗೆ ಹಾಕಿ. ಹಾಕಿದ ತಕ್ಷಣ ಗಾಢ ಹಳದಿ ಬಿಟ್ಟರೆ ಅನುಮಾನ ಪಡಿ. ಬಿಡದಿದ್ದರೆ ಶುದ್ಧ ಅಂತ ಸರ್ಟಿಫಿಕೇಟ್ ಅಲ್ಲ, ಅಳತೆ ಲ್ಯಾಬ್‌ನಲ್ಲೇ ಆಗಬೇಕು. ಮಂಕು ಬಣ್ಣದ, ಮೇಲ್ಮೈ ಒರಟಾಗಿರುವ ಕೊಂಬು ತಗೊಂಡು ಮಿಲ್‌ನಲ್ಲಿ ನಿಮ್ಮೆದುರೇ ಪುಡಿ ಮಾಡಿಸುವುದು ಒಳ್ಳೇದು.

ಇದನ್ನು ನಿಲ್ಲಿಸಲು ಆಗುತ್ತದೆ ಅನ್ನುವುದಕ್ಕೆ ಬಾಂಗ್ಲಾದೇಶ ನೋಡಿ. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಅರಿಶಿನದ ಸ್ಯಾಂಪಲ್‌ಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತ್ತು. ಸಂಶೋಧಕರು ಮತ್ತು ಆಹಾರ ಸುರಕ್ಷತಾ ಇಲಾಖೆ ಸೇರಿ ಪೇಪರ್, ಟಿವಿಯಲ್ಲಿ ಹೇಳಿದರು, ಸಗಟು ಮಾರುಕಟ್ಟೆಗೆ ಲೋಹ ಪತ್ತೆ ಮಾಡುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಒಯ್ದು ಅಲ್ಲೇ ಪರೀಕ್ಷೆ ಮಾಡಿ ದಂಡ ಹಾಕಿದರು. 2021ಕ್ಕೆ ಅದು ಸೊನ್ನೆಗೆ ಬಂತು. ಎರಡೇ ವರ್ಷ! ದೊಡ್ಡ ತಂತ್ರಜ್ಞಾನ ಏನಲ್ಲ, ಹಿಡಿಯುತ್ತಾರೆ ಅನ್ನುವ ಭಯ ಬಂತು ಅಷ್ಟೇ. ನಮ್ಮಲ್ಲಿ ಯಾಕೆ ಆಗಬಾರದು ಅಂತ ನನಗೆ ಅರ್ಥವಾಗುವುದಿಲ್ಲ.

ಅಜ್ಜಿಮನೆ_ಸಾಗರ

ನಾನು ಅಜ್ಜಿಯೇ, ಹೆಸರಿಗೆ ಮಾತ್ರ ಅಲ್ಲ. ಮೊಮ್ಮಗನಿಗೆ ಕಾಡಿಗೆ ಹಚ್ಚಬೇಡ ಅಂತ ಸೊಸೆ ಹೇಳುತ್ತಾಳೆ. ಹರಳೆಣ್ಣೆ ದೀಪದ ಮಸಿ ಹಿಡಿದು ನಾನೇ ಮಾಡಿದ್ದು, ಅದರಲ್ಲಿ ಎಲ್ಲಿಂದ ಬರಬೇಕು ಸೀಸ? ಬಜೆ ತೇದು ನೆಕ್ಕಿಸುವುದನ್ನೂ ಬಿಡಬೇಕೇನು ಹಾಗಾದರೆ? ಇನ್ನು ತಾಯಿಹಾಲೂ ಬೇಡ ಅನ್ನುತ್ತೀರೇನೋ.

ಮಕ್ಕಳಡಾಕ್ಟರ್_ಹಾಸನ

ಅಜ್ಜಿ, ತಾಯಿಹಾಲು ಬೇಕೇ ಬೇಕು, ಅದರಲ್ಲಿ ಜಗಳವಿಲ್ಲ. ನಿಮ್ಮ ದೀಪದ ಮಸಿಯಲ್ಲಿ ಸೀಸ ಇರುವುದಿಲ್ಲ, ಒಪ್ಪಿದೆ. ತೊಂದರೆ ಅಂಗಡಿಯ ಸುರ್ಮಾ, ಕೆಲವು ಕಾಡಿಗೆಗಳದ್ದು. ಸುರ್ಮಾ ಅಂದರೆ ಎಷ್ಟೋ ಸಲ ಸೀಸದ ಸಲ್ಫೈಡ್‌ನ ಪುಡಿಯೇ. ಮಗು ಕಣ್ಣುಜ್ಜಿ ಅದೇ ಬೆರಳು ಚೀಪುತ್ತದೆ. ಆದರೂ ಕಣ್ಣಿನ ಒಳಗೆ ಏನನ್ನೂ ಹಚ್ಚಬೇಡಿ ಅಂತಲೇ ನಾನು ಹೇಳುವುದು, ಸೋಂಕಿನ ಕಾರಣಕ್ಕೆ. ದೃಷ್ಟಿ ಬೊಟ್ಟು ಬೇಕಿದ್ದರೆ ಪಾದಕ್ಕೆ ಇಡಿ, ಸೊಸೆಯೂ ಸುಮ್ಮನಾಗುತ್ತಾರೆ.

ಬಜೆಯಲ್ಲಿ ಸೀಸ ಇಲ್ಲ, ಆದರೆ ಆರು ತಿಂಗಳ ತನಕ ಅದೂ ಬೇಡ, ಹಾಲು ಸಾಕು. ಇನ್ನೊಂದು ವಿಷಯ ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಬರಲಿ. ಮಕ್ಕಳಿಗೆ "ಬುದ್ಧಿ ಚುರುಕಾಗಲಿ" ಅಂತ ಕೊಡುವ ಭಸ್ಮ, ರಸೌಷಧಿ. ನಾಗಭಸ್ಮ ತಯಾರಾಗುವುದೇ ಸೀಸದಿಂದ. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಸಿಗುತ್ತಿದ್ದ, ನಮ್ಮ ಕಡೆಯ ದೇಶಗಳಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಗಿಡಮೂಲಿಕೆ ಕಷಾಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಗುವಿಗೆ ಲೋಹ ಸೇರಿದ ಔಷಧಿ ಬೇಡ, ಯಾರು ಕೊಟ್ಟರೂ.

ವೈದ್ಯಪರಂಪರೆ

ಶೋಧನೆ, ಅಂದರೆ ಶುದ್ಧಿ ಮಾಡಿದ ಭಸ್ಮದಲ್ಲಿ ವಿಷ ಇರುವುದಿಲ್ಲ. ಅರೆಬರೆ ಓದಿದವರ ಮಾತು ಇದು.

ಮಕ್ಕಳಡಾಕ್ಟರ್_ಹಾಸನ

ಶೋಧನೆ ಸರಿಯಾಗಿ ಆಗಿದೆಯಾ ಅಂತ ಡಬ್ಬಿ ನೋಡಿ ತಾಯಿಗೆ ಗೊತ್ತಾಗುತ್ತದೆಯೇ? ನಿಮಗೆ ಗೊತ್ತಾಗುತ್ತದೆಯೇ? ಭಸ್ಮ ತಿಂದು ರಕ್ತದಲ್ಲಿ ಸೀಸ ಏರಿದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಈ ವಾದ ಬೇರೆ ಕಡೆ ಮುಂದುವರಿಸೋಣ, ಇಲ್ಲಿ ಮಗು ಮನೆಯಲ್ಲಿ ಹುಡಿ ತಿನ್ನುತ್ತಿದೆ.

ಬ್ಯಾಟರಿಅಂಗಡಿ_ತುಮಕೂರು

ಓದ್ತಾ ಓದ್ತಾ ಕೈ ನಡುಗ್ತು. ನಮ್ಮದು ಇನ್ವರ್ಟರ್, ಗಾಡಿ ಬ್ಯಾಟರಿ ಅಂಗಡಿ. ಹಳೇ ಬ್ಯಾಟರಿ ಬಿಚ್ಚಿ ಪ್ಲೇಟ್ ತೆಗೆದು ರಿಪೇರಿನೂ ಮಾಡ್ತೀನಿ. ಸಂಜೆ ಹೋದ ತಕ್ಷಣ ಮಗ ಓಡಿ ಬಂದು ಕಾಲು ಹಿಡ್ಕೋತಾನೆ. ಮೂರು ವರ್ಷ. ಮಾತು ಸ್ವಲ್ಪ ತಡ ಅಂತ ಅಂಗನವಾಡಿಯಲ್ಲಿ ಹೇಳಿದ್ದಾರೆ. ಇದರಿಂದಾನಾ ಸರ್?

ಮಕ್ಕಳಡಾಕ್ಟರ್_ಹಾಸನ

ಮಾತು ತಡವಾಗಲು ಹತ್ತಾರು ಕಾರಣ ಇರುತ್ತವೆ. ಕಿವಿ ಪರೀಕ್ಷೆಯೂ ಆಗಬೇಕು. ಇದರಿಂದಲೇ ಅಂತ ಇಲ್ಲಿ ಕೂತು ಹೇಳಲಾರೆ. ಆದರೆ ಈ ಇಡೀ ಚರ್ಚೆಯಲ್ಲಿ ಮೊದಲು ರಕ್ತ ಪರೀಕ್ಷೆ ಆಗಬೇಕಾದ್ದು ನಿಮ್ಮ ಮಗನಿಗೆ. ತಡ ಮಾಡಬೇಡಿ. ನಿಮ್ಮದೂ ಮಾಡಿಸಿಕೊಳ್ಳಿ.

ಅಲ್ಲಿಯ ತನಕ: ಅಂಗಡಿಯಲ್ಲೇ ಬೇರೆ ಬಟ್ಟೆ, ಬೇರೆ ಚಪ್ಪಲಿ ಇಟ್ಟುಕೊಳ್ಳಿ. ಕೈ, ಮುಖ, ತಲೆ ಅಲ್ಲೇ ತೊಳೆದು ಬಟ್ಟೆ ಬದಲಾಯಿಸಿ ಹೊರಡಿ. ಮನೆಗೆ ಹೋದವರೇ ಸ್ನಾನ ಮಾಡಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಕೆಲಸದ ಬಟ್ಟೆ ಮನೆಯವರ ಬಟ್ಟೆ ಜೊತೆ ಒಗೆಯಲು ಹಾಕಬೇಡಿ. ಅಂಗಡಿಯಲ್ಲಿ ಊಟ, ಬೀಡಿ, ಎಲೆಅಡಿಕೆ ಬೇಡ. ಬೈಕ್ ಸೀಟು, ಹ್ಯಾಂಡಲ್ ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ಲೇಟ್ ಬಿಚ್ಚುವ ಕೆಲಸವನ್ನೇ ಬಿಟ್ಟು, ಹಳೇ ಬ್ಯಾಟರಿಯನ್ನು ನೋಂದಾಯಿತ ರೀಸೈಕ್ಲರ್‌ಗೆ ಕೊಟ್ಟುಬಿಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮವೂ ಅದನ್ನೇ ಹೇಳುತ್ತದೆ.

ಸೆನೆಗಲ್ ದೇಶದ ಡಾಕಾರ್ ಪಕ್ಕ ತಿಯಾರೊಯ್ ಸುರ್ ಮೆರ್ ಅಂತ ಒಂದು ಬಡಾವಣೆ. ಅಲ್ಲಿ ಹೆಂಗಸರು ಹಳೇ ಬ್ಯಾಟರಿ ಮಣ್ಣನ್ನು ಜರಡಿ ಹಿಡಿದು ಸೀಸ ಹೆಕ್ಕಿ ಮಾರುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ತೀರಿಕೊಂಡರು. ಮಲೇರಿಯಾ ಇರಬೇಕು ಅಂತ ಮೊದಲು ಅಂದುಕೊಂಡಿದ್ದರಂತೆ. ನಿಮ್ಮ ಅಂಗಡಿ ಹಾಗೆ ಅಂತ ಅಲ್ಲ. ಆದರೆ ಅದು ಅದೇ ಸೀಸ.

ಬ್ಯಾಟರಿಅಂಗಡಿ_ತುಮಕೂರು

ನಾಳೆ ಬೆಳಿಗ್ಗೆನೇ ಕರ್ಕೊಂಡು ಹೋಗ್ತೀನಿ ಸರ್. ಬಟ್ಟೆ ವಿಷಯ ಇವತ್ತಿಂದಲೇ.

ಹೆಲ್ತಿಲೈಫ್_ಕೋಚ್

ಕೊತ್ತಂಬರಿ ಜ್ಯೂಸ್ ಮತ್ತು ಕ್ಲೋರೆಲ್ಲಾ ಡಿಟಾಕ್ಸ್‌ನಿಂದ 21 ದಿನದಲ್ಲಿ ಎಲ್ಲಾ ಹೆವಿ ಮೆಟಲ್ ಹೊರಗೆ! ಮಕ್ಕಳಿಗೂ ಸೇಫ್. ಇನ್‌ಬಾಕ್ಸ್ ಮಾಡಿ.

ಅಡ್ಮಿನ್

ಫೋನ್ ನಂಬರ್ ಮತ್ತು ಬೆಲೆ ಪಟ್ಟಿ ತೆಗೆದಿದ್ದೇನೆ. ಉಳಿದದ್ದನ್ನು ಡಾಕ್ಟರ್ ಉತ್ತರಕ್ಕಾಗಿ ಬಿಟ್ಟಿದ್ದೇನೆ. 🙂

ಮಕ್ಕಳಡಾಕ್ಟರ್_ಹಾಸನ

ಇಂಥದ್ದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸೀಸ ತೆಗೆಯುವ ನಿಜವಾದ ಔಷಧಿ ಇದೆ, ಕೀಲೇಶನ್ ಅನ್ನುತ್ತಾರೆ. ಸಾಮಾನ್ಯವಾಗಿ ಮಕ್ಕಳಲ್ಲಿ 45 ಮೈಕ್ರೋಗ್ರಾಂ ಮುಟ್ಟಿದಾಗ, ಪರಿಣಿತರ ಕೈಯಲ್ಲಿ ಕೊಡುವಂಥದ್ದು. ಅದಕ್ಕಿಂತ ಕಡಿಮೆ ಇರುವ ಮಕ್ಕಳಿಗೆ ಅದರಿಂದ ಬುದ್ಧಿಗೆ ಲಾಭ ಆದದ್ದು ಕಂಡಿಲ್ಲ, ಅಡ್ಡಪರಿಣಾಮ ಬೇರೆ. ಮೂಲ ಹುಡುಕಿ ನಿಲ್ಲಿಸುವುದೇ ಚಿಕಿತ್ಸೆ. ಮೂಲ ಹಾಗೇ ಬಿಟ್ಟು ಔಷಧಿ ಕೊಡುವುದು ಒಲೆ ಆರಿಸದೆ ಉಕ್ಕಿದ ಹಾಲು ಒರೆಸಿದ ಹಾಗೆ.

ಕೊಡಬೇಕಾದ್ದು ಊಟ. ಕಬ್ಬಿಣದ ಅಂಶ ಕಡಿಮೆ ಇರುವ ಮಗುವಿನ ಕರುಳು ಸೀಸವನ್ನು ಇನ್ನೂ ಜಾಸ್ತಿ ಎಳೆದುಕೊಳ್ಳುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅಂದರೆ ನಮ್ಮ ಮಕ್ಕಳು ಬಾಗಿಲು ತೆರೆದಿಟ್ಟೇ ಕೂತಿದ್ದಾರೆ. ರಾಗಿ, ಹಾಲು, ಮೊಸರು ಕ್ಯಾಲ್ಸಿಯಂಗೆ. ಬೇಳೆ, ಸೊಪ್ಪು, ಮೊಟ್ಟೆ, ತಿನ್ನುವವರಾದರೆ ಮಾಂಸ. ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಅಂಗನವಾಡಿಯಲ್ಲಿ ಕೊಡುವ ಐರನ್ ಸಿರಪ್ ಬಾಟಲಿ ಅಟ್ಟದ ಮೇಲೆ ಇಡಬೇಡಿ. ಮಗು ಹಸಿದಿರಬಾರದು, ಖಾಲಿ ಹೊಟ್ಟೆಯಲ್ಲಿ ಸೀಸ ಬೇಗ ಹತ್ತುತ್ತದೆ.

ಅವಳಿಮಕ್ಕಳಮ್ಮ

ನಮ್ಮನೇಲಿ ಆರ್‌ಒ ಇದೆ, ಕುಡಿಯುವ ನೀರು ಕುದಿಸ್ತೀವಿ ಕೂಡ. ಹಾಗಾದ್ರೆ ನಾವು ಸೇಫ್ ಅಲ್ವಾ?

ಮೇಷ್ಟ್ರು_ಪಾವಗಡ

ಕುದಿಸಿದರೆ ಕ್ರಿಮಿ ಸಾಯುತ್ತದೆ ಮೇಡಂ, ಸೀಸವಾಗಲಿ ಫ್ಲೋರೈಡ್ ಆಗಲಿ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ನಮ್ಮ ತಾಲೂಕಿನವರಿಗೆ ಇದು ಚೆನ್ನಾಗಿ ಗೊತ್ತು. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾದ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದಕ್ಕೆ ಆರ್‌ಒ ಕೆಲಸ ಮಾಡುತ್ತದೆ. ಆದರೆ ಈಗ ಮಾತಾಡುತ್ತಿರುವುದು ನೆಲದ ಹುಡಿ, ಅದಕ್ಕೆ ಆರ್‌ಒ ಏನು ಮಾಡೀತು?

ಬಾಡಿಗೆಮನೆ_ಬಸವನಗುಡಿ

ಎಲ್ಲರಿಗೂ ಥ್ಯಾಂಕ್ಸ್. ಕಾಂಟ್ರಾಕ್ಟರ್ ಸರ್ ಬರೆದದ್ದನ್ನು ಓನರ್‌ಗೆ ಓದಿ ಹೇಳಿದೆ. ಡಾಕ್ಟರ್ ಮಾತಿಗೆ ನಕ್ಕವರು "ಪೂರ್ತಿ ಕೀಳುವುದು ಬೇಡ, ಖರ್ಚೂ ಉಳಿಯುತ್ತೆ" ಅಂದಾಗ ತಕ್ಷಣ ಒಪ್ಪಿದರು. 😀 ಈಗ ನೀರು ಹಾಕಿ ಉಜ್ಜುತ್ತಿದ್ದಾರೆ, ನಾವು ಜಯನಗರದಲ್ಲಿ ಅತ್ತೆ ಮನೆಯಲ್ಲಿದ್ದೇವೆ.

ಮಗಳ ರಿಪೋರ್ಟ್ ಬಂತು. ನರದಿಂದ ತೆಗೆದದ್ದೇ, 8.2. ಹೆಂಡತಿ ಅಳುತ್ತಿದ್ದಾಳೆ. ಏನು ಹೇಳಲಿ ಅವಳಿಗೆ?

ಮಕ್ಕಳಡಾಕ್ಟರ್_ಹಾಸನ

8.2 ಅಂದರೆ ಇರಬೇಕಾದ್ದಕ್ಕಿಂತ ಜಾಸ್ತಿ. ಆದರೆ ಔಷಧಿ ಬೇಕಾದ ಮಟ್ಟಕ್ಕಿಂತ ತುಂಬಾ ಕೆಳಗೆ. ಮಗು ಎರಡು ದಿನ ಹುಡಿಯಲ್ಲಿ ಆಡಿದ್ದಕ್ಕೇ ಇಷ್ಟು ಆಗಿದೆಯೋ, ಮೊದಲಿನಿಂದಲೇ ಇನ್ನೊಂದು ಮೂಲ ಇದೆಯೋ ನೋಡಬೇಕು. ಅರಿಶಿನ, ಕುಂಕುಮ, ಕಾಡಿಗೆ, ಔಷಧಿ ಆಯಿತು. ಇನ್ನು ಪಾತ್ರೆ. ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದ್ದರೆ ಆ ತವರದಲ್ಲಿ ಸೀಸ ಬೆರೆತಿರಬಹುದು, ಹುಳಿ ಸಾರು ಅದರಲ್ಲಿ ಮಾಡಬೇಡಿ. ಅಗ್ಗದ ಎರಕದ ಅಲ್ಯೂಮಿನಿಯಂ ಪಾತ್ರೆಯೂ ಅಷ್ಟೇ. ಅಮೆರಿಕದ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯ ಆರೋಗ್ಯ ಇಲಾಖೆ ಆಫ್ಘನ್ ನಿರಾಶ್ರಿತ ಮಕ್ಕಳ ರಕ್ತದಲ್ಲಿ ಸೀಸ ಯಾಕೆ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಡುಗೆ ಪಾತ್ರೆ. ಮಗುವಿಗೆ ಸ್ಟೀಲ್ ಪಾತ್ರೆ ಸಾಕು.

ಹಿಮೋಗ್ಲೋಬಿನ್ ನೋಡಿಸಿ, ಕಡಿಮೆ ಇದ್ದರೆ ಐರನ್ ಶುರು ಮಾಡಿ. ಮೂರು ತಿಂಗಳಿಗೆ ಮತ್ತೆ ಲೆಡ್ ಪರೀಕ್ಷೆ. ರಕ್ತದ ಸೀಸ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು, ಮೂಳೆಯಿಂದ ಸ್ವಲ್ಪ ಸ್ವಲ್ಪ ವಾಪಸ್ ಬರುವುದರಿಂದ ಇನ್ನೂ ನಿಧಾನವಾದರೂ ಆಶ್ಚರ್ಯ ಇಲ್ಲ. ಹೆಂಡತಿಗೆ ಹೇಳಿ, ಈ ಒಂದು ಸಂಖ್ಯೆ ಮಗಳ ಭವಿಷ್ಯವನ್ನು ತೀರ್ಮಾನ ಮಾಡುವುದಿಲ್ಲ. ಮಗು ಜೊತೆ ಮಾತಾಡಿ, ಹಾಡು ಹೇಳಿ, ಆಡಿ. ಮಿದುಳಿಗೆ ಅದರಿಂದ ಸಿಗುವ ಲಾಭ ನಿಜವಾದದ್ದು, ಸಮಾಧಾನಕ್ಕೆ ಹೇಳುತ್ತಿಲ್ಲ.

ಮಂಡ್ಯದ_ಮಾತುಗಾರ

ಓನರ್ ಹತ್ತಿರ ಆ ಪರೀಕ್ಷೆ ಖರ್ಚು ವಸೂಲಿ ಮಾಡಿ ಮೊದಲು. ಸೀಸದ ವಿಷಯದಲ್ಲಿ ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ, ಆದರೆ ಬಾಡಿಗೆದಾರರ ಪರ ನಾನು ಯಾವಾಗಲೂ ಇದ್ದೀನಿ.

ಅಂಗನವಾಡಿಟೀಚರ್_ಕೊಪ್ಪಳ

ನಮಸ್ತೆ, ತಡವಾಗಿ ಓದಿದೆ. ನಮ್ಮ ಕೇಂದ್ರಕ್ಕೆ ದಾನಿಗಳು ಜಾರುಬಂಡೆ, ಉಯ್ಯಾಲೆ ಕೊಟ್ಟಿದ್ದಾರೆ. ಕಬ್ಬಿಣದ್ದು, ಹಳದಿ ಕೆಂಪು ಬಣ್ಣ. ಬಿಸಿಲಿಗೆ ಈಗಲೇ ಸಿಪ್ಪೆ ಏಳ್ತಿದೆ, ಮಕ್ಕಳು ಅದನ್ನು ಉಗುರಲ್ಲಿ ಕೀಳ್ತಾರೆ. ಇದು ಕಾಂಟ್ರಾಕ್ಟರ್ ಸರ್ ಹೇಳಿದ ಇಂಡಸ್ಟ್ರಿಯಲ್ ಪೇಂಟೇ ಇರಬಹುದಾ? ಮತ್ತೆ ಬಣ್ಣ ಹೊಡೆಸಲು ಪಂಚಾಯಿತಿಯವರು ಒಪ್ಪಿದ್ದಾರೆ, ಏನು ಬರೆದುಕೊಡಲಿ?

ಪೇಂಟ್‌ಕಾಂಟ್ರಾಕ್ಟರ್_ದಾವಣಗೆರೆ

ಇರಬಹುದು ಮೇಡಂ, ನೋಡಿ ಹೇಳಲಾಗದು. ಇದೆ ಅಂದುಕೊಂಡೇ ಕೆಲಸ ಮಾಡಿಸಿ. ಪಂಚಾಯಿತಿಗೆ ಹೀಗೆ ಬರೆಯಿರಿ: ರಜೆ ದಿನಗಳಲ್ಲೇ ಕೆಲಸ ಆಗಬೇಕು, ನೀರು ಹಾಕಿಯೇ ಉಜ್ಜಬೇಕು, ಕೆಳಗೆ ಶೀಟ್ ಹಾಸಬೇಕು, 90 ಪಿಪಿಎಂ ಅಂತ ಮುದ್ರಿಸಿದ ಡಬ್ಬ ಸೀಲ್ ಒಡೆಯುವ ಮುಂಚೆ ನಿಮಗೆ ತೋರಿಸಬೇಕು. ಖಾಲಿ ಡಬ್ಬದ ಫೋಟೋ ಬಿಲ್ ಜೊತೆ ಇರಲಿ. ಬುಡದಲ್ಲಿ ಬಿದ್ದ ಸಿಪ್ಪೆ ಸಮೇತ ಮೇಲಿನ ಮಣ್ಣು ತೆಗೆಸಿ, ಹೊಸ ಮರಳು ಹಾಕಿಸಿ. ಕೆಲಸ ಆಗುವ ತನಕ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ, ಆಡಿ ಬಂದವರಿಗೆ ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಸಿ. ಕೊಪ್ಪಳದಲ್ಲಿ ಒಬ್ಬ ಪರಿಚಯದ ಮೇಸ್ತ್ರಿ ಇದ್ದಾನೆ, ಬೇಕಿದ್ದರೆ ಫೋನ್‌ನಲ್ಲಿ ಅವನಿಗೆ ಕೆಲಸ ವಿವರಿಸುತ್ತೇನೆ.